ಯುದ್ಧದ ಕಥೆಯ ತೂತುಗಳು: ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬಹುದು?

ಓದುಗರ ಪ್ರಶ್ನೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಮ್ಮ ಹವ್ಯಾಸಿ ನಾಟಕ ತಂಡದವರು ಸೇರಿ ಒಂದು ಗಂಟೆಯ ಕನ್ನಡ ಸಿನಿಮಾ ಮಾಡಲು ಹೊರಟಿದ್ದೇವೆ. ಕಥೆ ಹೀಗಿದೆ. ಬೇರೊಂದು ನಕ್ಷತ್ರದ ಕಡೆಯಿಂದ ಬಂದ ಸೈನ್ಯ ಜುಲೈ ತಿಂಗಳ ಒಂದು ರಾತ್ರಿ ಬೇಕಲ ಕೋಟೆಯ ಎದುರು ಕಡಲಿಗೆ ಇಳಿಯುತ್ತದೆ. ಅವರಿಗೆ ಬೇಕಾದದ್ದು ನಮ್ಮ ನೀರು. ಅವರ ತಾಯಿಹಡಗು ಕೋಟೆಯ ನೆತ್ತಿಯ ಮೇಲೆ ನಕ್ಷತ್ರಗಳ ನಡುವೆ ನಿಂತಿರುತ್ತದೆ. ಮೊದಲ ದೃಶ್ಯದಲ್ಲಿ ಅವರ ಕಿರಣ ಒಂದು ಯುದ್ಧನೌಕೆಯನ್ನು ಕ್ಷಣದಲ್ಲಿ ಕರಗಿಸುತ್ತದೆ. ಊರವರು ಕೋಟೆಯೊಳಗೆ ಸೇರಿ ಹೋರಾಡುತ್ತಾರೆ. ಟವರುಗಳೆಲ್ಲ ಸುಟ್ಟುಹೋದ ಮೇಲೆ ತಂಗಿಯ ಫೋನ್ ಬಂದು ನಾಯಕನಿಗೆ ಶತ್ರುವಿನ ಜಾಗ ಗೊತ್ತಾಗುತ್ತದೆ. ಅವನು ಉಪ್ಪಳದ ಮೊಬೈಲ್ ರಿಪೇರಿ ಹುಡುಗ. ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ಹೋಗಿ, ಕಡಲಿಗೆ ಬಿದ್ದ ಶತ್ರು ವಿಮಾನಕ್ಕೆ ಲ್ಯಾಪ್‌ಟಾಪ್ ಜೋಡಿಸಿ ವೈರಸ್ ಬಿಡುತ್ತಾನೆ. ತಾಯಿಹಡಗು ಸ್ಫೋಟವಾಗುತ್ತದೆ. ಕೆಳಗಿದ್ದ ಶತ್ರು ಸೈನಿಕರೆಲ್ಲ ಒಮ್ಮೆಗೇ ಕುಸಿದು ಬೀಳುತ್ತಾರೆ.

ನಮ್ಮ ಶಾಲೆಯ ಫಿಸಿಕ್ಸ್ ಮೇಷ್ಟ್ರು ಇದನ್ನು ಓದಿ ಎರಡು ಪುಟ ತಪ್ಪುಗಳ ಪಟ್ಟಿ ಕೊಟ್ಟರು. ಬಾಹ್ಯಾಕಾಶದಲ್ಲಿ ಸದ್ದು ಕೇಳುವುದಿಲ್ಲ, ಲೇಸರ್ ಪಕ್ಕದಿಂದ ಕಾಣುವುದಿಲ್ಲ, ಹೀಗೆ. ತಂಡದವರು "ಸಿನಿಮಾ ಅಲ್ವಾ, ಯಾರು ಕೇಳ್ತಾರೆ" ಅನ್ನುತ್ತಾರೆ. ಇನ್ನೊಬ್ಬರು ಕಥೆಯನ್ನೇ ಬಿಡಿ ಎಂದರು. ಊರವರ ಮುಂದೆ ತೋರಿಸುವಾಗ ನಗಬಾರದ ಕಡೆ ನಕ್ಕರೆ ಏನು ಮಾಡುವುದು ಎಂಬುದೇ ನನ್ನ ಚಿಂತೆ. ಎಲ್ಲವನ್ನೂ ತಿದ್ದಲು ನಮ್ಮಲ್ಲಿ ಹಣ ಇಲ್ಲ. ಯಾವುದನ್ನು ತಿದ್ದಬೇಕು?

ಉತ್ತರ

ಕಥೆಯನ್ನು ಬಿಡಬೇಡಿ. ಊರು, ಕಡಲು, ಕೋಟೆ, ರಿಪೇರಿ ಅಂಗಡಿಯ ಹುಡುಗ, ಇಷ್ಟು ಇದ್ದರೆ ಒಂದು ಗಂಟೆಗೆ ಬೇಕಾದ ಬಲ ಇದೆ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತಿವೆ. ಒಂದು, ವಿಜ್ಞಾನ ತಪ್ಪಾಗಿದೆ. ಇನ್ನೊಂದು, ಜನ ನಂಬುವುದಿಲ್ಲ. ಇವೆರಡೂ ಬೇರೆ ಬೇರೆ. ಚಿತ್ರಕಥೆ ಓದಿ ತಿದ್ದುವ ನನ್ನ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ಗೊಂದಲವೂ ಇದೇ.

ಮೊದಲು ನಿಮ್ಮ ತಂಡದವರ ಮಾತು ನೋಡೋಣ. "ಯಾರು ಕೇಳ್ತಾರೆ" ಎಂಬುದು ಕಾಸರಗೋಡಿನಲ್ಲಿ ಹೇಳುವ ಮಾತೇ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಅದು. ಅಲ್ಲಿನ ಪ್ರೇಕ್ಷಕ ಯಕ್ಷಗಾನದ ಆಟ ನೋಡಿ, ವೇಷ ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆ ಕೇಳಿ ಬೆಳೆದವನು. ಹನುಮಂತ ರಂಗಸ್ಥಳದಲ್ಲಿ ಎರಡು ಸುತ್ತು ಹಾಕಿದರೆ ಲಂಕೆ ಬಂತು ಎಂದು ಅವನು ಒಪ್ಪುತ್ತಾನೆ. ಸಮುದ್ರ ಎಲ್ಲಿ ಎಂದು ಕೇಳುವುದಿಲ್ಲ. ಆದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿ ಹತ್ತು ಗಂಟೆಗೆ ಒಪ್ಪಿಕೊಂಡ ಮಾತನ್ನು ಹನ್ನೆರಡಕ್ಕೆ ತಾನೇ ಅಲ್ಲಗಳೆದರೆ? ಎದುರಿನವರು ಅಲ್ಲೇ ಹಿಡಿಯುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜನೂ ತಲೆ ಅಲ್ಲಾಡಿಸುತ್ತಾನೆ. ಪ್ರೇಕ್ಷಕ ಕಲ್ಪನೆಯನ್ನು ಧಾರಾಳವಾಗಿ ಕೊಡುತ್ತಾನೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಮಾತು ತಪ್ಪದಿರುವುದನ್ನು ಕೇಳುತ್ತಾನೆ.

ಫಿಸಿಕ್ಸ್ ಮೇಷ್ಟ್ರ ಪಟ್ಟಿಯನ್ನು ಈ ದೃಷ್ಟಿಯಿಂದ ನೋಡಿ. ಅವರು ಹೇಳಿದ್ದು ಸರಿ. ಸದ್ದು ಹೋಗಲು ಗಾಳಿಯೋ ನೀರೋ ಬೇಕು, ಬಾಹ್ಯಾಕಾಶದಲ್ಲಿ ಅದು ಇಲ್ಲ. ಲೇಸರ್ ಕಿರಣ ಧೂಳಿಗೋ ಮಂಜಿಗೋ ತಾಗಿ ಚೆದುರಿದರೆ ಮಾತ್ರ ಪಕ್ಕದಿಂದ ಕಾಣುತ್ತದೆ. ಆದರೆ ಇವು ಕಥೆಯ ತೂತುಗಳಲ್ಲ. ಸ್ಫೋಟಕ್ಕೆ ಸದ್ದು ಕೊಟ್ಟರೂ ಕಥೆಯಲ್ಲಿ ಯಾರ ನಿರ್ಧಾರವೂ ಬದಲಾಗುವುದಿಲ್ಲ. ಅದು ಚೆಂಡೆ ಪೆಟ್ಟಿನ ಹಾಗೆ ಒಂದು ರೂಢಿ. ಸದ್ದು ತೆಗೆದರೆ ಚಂದವಾಗಬಹುದು, ಖರ್ಚೂ ಇಲ್ಲ. ತೆಗೆಯದಿದ್ದರೂ ಯಾರೂ ಎದ್ದು ಹೋಗುವುದಿಲ್ಲ.

ಜನ ಎದ್ದು ಹೋಗುವುದು ಬೇರೆ ಎರಡು ಕಾರಣಕ್ಕೆ. ಕಥೆ ತಾನೇ ಹಾಕಿದ ನಿಯಮವನ್ನು ತಾನೇ ಮುರಿದಾಗ. ಮತ್ತು ಬುದ್ಧಿವಂತ ಎಂದು ತೋರಿಸಿದ ಪಾತ್ರ ಕಾರಣವಿಲ್ಲದೆ ದಡ್ಡನ ಹಾಗೆ ನಡೆದುಕೊಂಡಾಗ. ನಿಮ್ಮ ಕಥೆಯಲ್ಲಿ ಎರಡೂ ಇವೆ. ಮೇಷ್ಟ್ರ ಪಟ್ಟಿಯಲ್ಲಿ ಎರಡೂ ಇಲ್ಲ.

ಯುದ್ಧನೌಕೆಯನ್ನು ಕರಗಿಸಿದ ಕಿರಣಕ್ಕೆ ಕೊನೆಯಲ್ಲಿ ಬೇಕಲದ ಕೆಂಪುಕಲ್ಲಿನ ಗೋಡೆ ಯಾಕೆ ಒಡೆಯಲಿಲ್ಲ? ಉಕ್ಕು ಕರಗುತ್ತದೆ, ಮುರಕಲ್ಲು ನಿಲ್ಲುತ್ತದೆ. ಇದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲ. ಇದೇ ನಿಮ್ಮ ಕಥೆಯ ಅತಿ ದೊಡ್ಡ ತೂತು.

ಇಂಥ ತೂತು ಹುಟ್ಟುವುದು ಎಲ್ಲಿಂದ? ಬರೆಯುವವನು ಕೊನೆಯನ್ನು ಮೊದಲೇ ತೀರ್ಮಾನಿಸಿರುತ್ತಾನೆ. ನಾಯಕ ಗೆಲ್ಲಬೇಕು. ಶತ್ರು ಭಯ ಹುಟ್ಟಿಸಬೇಕು, ಆದ್ದರಿಂದ ಆರಂಭದಲ್ಲಿ ಅವನಿಗೆ ಎಲ್ಲ ಶಕ್ತಿ ಕೊಡುತ್ತಾನೆ. ಕೊನೆಗೆ ಗೆಲ್ಲಿಸಬೇಕು, ಆದ್ದರಿಂದ ಅದನ್ನೆಲ್ಲ ಸುಮ್ನೆ ಕಿತ್ತುಕೊಳ್ಳುತ್ತಾನೆ. ನಡುವೆ ಶತ್ರುವಿಗೆ ಏನಾಯಿತು ಎಂದು ಯೋಚಿಸುವುದೇ ಇಲ್ಲ. ದೊಡ್ಡ ಬಜೆಟ್ಟಿನ ಯುದ್ಧ ಸಿನಿಮಾಗಳಲ್ಲೂ ಆಗುವುದು ಇದೇ. ದೃಶ್ಯಗಳ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಶತ್ರುವಿನ ತಲೆಯೊಳಗೆ ಹೊಕ್ಕು ನೋಡಲು ಯಾರೂ ಒಂದು ದಿನ ಇಡುವುದಿಲ್ಲ.

ನಮ್ಮ ಪುರಾಣ ಕಟ್ಟಿದವರು ಈ ವಿಷಯದಲ್ಲಿ ಬಹಳ ಬಿಗಿ. ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತಿ ಆಯುಧ ಇದೆ. ತಪ್ಪದೆ ಕೊಲ್ಲುತ್ತದೆ, ಆದರೆ ಒಂದೇ ಸಲ. ಅದನ್ನು ಅರ್ಜುನನಿಗೆಂದು ಇಟ್ಟುಕೊಂಡಿದ್ದಾನೆ. ಹಾಗಾದರೆ ಅರ್ಜುನ ಉಳಿದದ್ದು ಹೇಗೆ? ರಾತ್ರಿ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ಅರೆಯುತ್ತಾನೆ. ಕರ್ಣನಿಗೆ ಬೇರೆ ದಾರಿ ಉಳಿಯುವುದಿಲ್ಲ, ಆಯುಧ ಖರ್ಚಾಗುತ್ತದೆ. ಆಯುಧದ ಬಲ ಕಡಿಮೆಯಾಗಲಿಲ್ಲ, ಕರ್ಣ ದಡ್ಡನಾಗಲಿಲ್ಲ, ನಿಯಮವೂ ಮುರಿಯಲಿಲ್ಲ. ಪಾಂಡವರು ತಮ್ಮ ಮಗನನ್ನೇ ಬೆಲೆ ತೆತ್ತರು. ನಿಮ್ಮ ಕಿರಣಕ್ಕೂ ಇಂಥ ಒಂದು ಮಿತಿ ಬೇಕು. ಆ ಮಿತಿಯನ್ನು ಪ್ರೇಕ್ಷಕ ಮೊದಲೇ ನೋಡಿರಬೇಕು.

ಈಗ ಶತ್ರುವಿನ ಕಡೆಯಿಂದ ಯೋಚಿಸೋಣ. ಇಲ್ಲಿ ಮಾತ್ರ ಸ್ವಲ್ಪ ಲೆಕ್ಕ ಬೇಕು.

ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ಸುಮಾರು 4.24 ಜ್ಯೋತಿರ್ವರ್ಷ ದೂರ. 1977ರಲ್ಲಿ ಹಾರಿಸಿದ ಬಾಹ್ಯಾಕಾಶ ನೌಕೆ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅಷ್ಟು ದೂರ ಹೋಗಲು ಆ ವೇಗದಲ್ಲಿ 70,000 ವರ್ಷಕ್ಕಿಂತ ಜಾಸ್ತಿ ಬೇಕು. ನಿಮ್ಮ ಶತ್ರು ಬೆಳಕಿನ ವೇಗದ ಹತ್ತನೇ ಒಂದರಷ್ಟು ವೇಗದಲ್ಲಿ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಪ್ರಯಾಣ ಸುಮಾರು 42 ವರ್ಷಕ್ಕೆ ಇಳಿಯುತ್ತದೆ. ಆದರೆ ಆ ವೇಗದಲ್ಲಿ ಓಡುವ ಒಂದೇ ಕಿಲೋ ಕಲ್ಲಿನಲ್ಲಿ ಹಿರೋಷಿಮಾ ಬಾಂಬಿನ ಸುಮಾರು ಏಳು ಪಟ್ಟು ಶಕ್ತಿ ತುಂಬಿರುತ್ತದೆ. ಅಂಥವನಿಗೆ ಸೈನ್ಯ ಇಳಿಸಿ ಕೋಟೆ ಬಾಗಿಲು ಮುರಿಯುವ ಕೆಲಸ ಯಾಕೆ? ದೂರದಿಂದ ನಾಲ್ಕು ಕಲ್ಲು ಬಿಟ್ಟರೆ ಮುಗಿಯಿತು. ಸೈನ್ಯ ಇಳಿಯುವ ಪ್ರತಿಯೊಂದು ಕಥೆಯೂ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಹೆಚ್ಚಿನವು ಹೇಳುವುದಿಲ್ಲ.

ನೀರಿನ ಮಾತೂ ಹಾಗೆಯೇ. ನೀರಿಗಾಗಿ ಭೂಮಿಗೆ ಇಳಿಯುವುದು ನಷ್ಟದ ವ್ಯಾಪಾರ. ಶನಿಯ ಉಂಗುರಗಳು ಹೆಚ್ಚಾಗಿ ಮಂಜುಗಡ್ಡೆ. ಗುರುವಿನ ಉಪಗ್ರಹ ಯುರೋಪಾದ ಮಂಜಿನ ಹೊದಿಕೆಯ ಕೆಳಗೆ ನಮ್ಮ ಎಲ್ಲ ಸಾಗರಗಳಿಗಿಂತ ಜಾಸ್ತಿ ನೀರು ಇದೆ ಎಂದು ವಿಜ್ಞಾನಿಗಳ ಅಂದಾಜು. ಅಲ್ಲಿ ತಡೆಯುವವರು ಯಾರೂ ಇಲ್ಲ. ಭೂಮಿಯ ಸೆಳೆತ ದಾಟಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು. ಅಂದರೆ ಒಂದು ಲೀಟರ್ ನೀರನ್ನು ಇಲ್ಲಿಂದ ಹೊರಗೆ ಸಾಗಿಸಲು, ಏನೂ ಪೋಲಾಗದಿದ್ದರೂ, ಸುಮಾರು 17 ಯೂನಿಟ್ ಕರೆಂಟಿನಷ್ಟು ಶಕ್ತಿ. ಹದಿನೈದು ಲೀಟರಿನ ಒಂದು ಕೊಡಕ್ಕೆ 260 ಯೂನಿಟ್. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಕಟ್ಟುವ ಯಾರಿಗೂ ಇದು ಅರ್ಥವಾಗುತ್ತದೆ.

ಹಾಗಾದರೆ ಭೂಮಿಯಲ್ಲಿ ಮಾತ್ರ ಸಿಗುವುದು ಏನು? ಜೀವ. ಇಲ್ಲಿ ಬೆಳೆದ ಗಿಡ, ಬೀಜ, ಕೋಟಿಗಟ್ಟಲೆ ವರ್ಷದಲ್ಲಿ ರೂಪುಗೊಂಡ ತಳಿ. ಇದು ಶನಿಯ ಉಂಗುರದಲ್ಲಿ ಇಲ್ಲ. ಕಾಸರಗೋಡಿಗೇ ಯಾಕೆ ಬಂದರು ಎಂಬುದಕ್ಕೂ ನಿಮ್ಮ ಊರಲ್ಲೇ ಉತ್ತರ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಈಗಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಲ್ಲಿದೆ. ನೂರು ವರ್ಷ ಮೀರಿದ ಕೆಲಸ, ದೇಶ ವಿದೇಶದ ತೆಂಗಿನ ತಳಿಗಳ ಸಂಗ್ರಹ. ಶತ್ರುವಿಗೆ ಬೇಕಾದದ್ದು ಅಂಥ ತಳಿ ಸಂಗ್ರಹವಾದರೆ ಏನಾಗುತ್ತದೆ ನೋಡಿ. ಅವನು ಕಲ್ಲು ಎಸೆಯುವಂತಿಲ್ಲ, ಬೇಕಾದದ್ದೇ ಸುಟ್ಟುಹೋಗುತ್ತದೆ. ಸೈನ್ಯ ಇಳಿಸಲೇಬೇಕು. ಊರವರು ಸಸಿಗಳನ್ನು, ಬೀಜದ ಕಾಯಿಗಳನ್ನು ಕೋಟೆಯೊಳಗೆ ತಂದು ಇಟ್ಟುಕೊಂಡರೆ ಅಲ್ಲಿಗೆ ಕಿರಣ ಬಿಡುವಂತಿಲ್ಲ. ಯುದ್ಧನೌಕೆ ಕರಗಿತು, ಮುರಕಲ್ಲಿನ ಗೋಡೆ ಉಳಿಯಿತು. ಯಾಕೆಂದು ಈಗ ಮಗುವಿಗೂ ಗೊತ್ತು. ಶತ್ರುವಿನ ಉದ್ದೇಶ ಒಂದನ್ನು ಬದಲಿಸಿದ್ದಕ್ಕೆ ಮೂರು ತೂತು ಮುಚ್ಚಿದವು. ಒಳ್ಳೆಯ ತಿದ್ದುಪಡಿಯ ಗುರುತು ಇದು. ಒಂದು ತೂತಿಗೆ ಒಂದು ತೇಪೆ ಹಾಕುತ್ತಾ ಹೋಗಬೇಕಾಗಿ ಬಂದರೆ ಬೇರು ಬೇರೆಲ್ಲೋ ಇದೆ ಎಂದರ್ಥ.

ಇದರಲ್ಲಿ ಅಪಾಯವೂ ಇದೆ. ಕಥೆಯ ನಡುವೆ ಅಡ್ಡ ಬಂದು ವಿಜ್ಞಾನಿ ಪಾತ್ರವೊಂದು ಐದು ನಿಮಿಷ ಭಾಷಣ ಮಾಡಿದರೆ ಎಲ್ಲ ಕೆಡುತ್ತದೆ. ತೆಂಗಿನಕಾಯಿಗಾಗಿ ಯುದ್ಧವೇ ಎಂದು ಜನ ನಕ್ಕರೂ ಕೆಡುತ್ತದೆ. ಆದ್ದರಿಂದ ಯುದ್ಧ ಶುರುವಾಗುವ ಮೊದಲೇ ಒಂದು ತೋಟ, ರೋಗ ಬಿದ್ದು ಸಾಯುತ್ತಿರುವ ಮರಗಳು, ಅದನ್ನು ತಡೆದು ನಿಂತ ಒಂದೇ ಒಂದು ಸಸಿ, ಅದಕ್ಕಾಗಿ ಜೀವ ತೇಯ್ದ ಒಬ್ಬ ಮನುಷ್ಯ ಇವರನ್ನು ತೋರಿಸಿ. ಬೆಲೆ ಮನಸ್ಸಿಗೆ ತಾಗಿದ ಮೇಲೆ ನಗು ಬರುವುದಿಲ್ಲ.

ಇನ್ನು ನೀವು ಯಾರೂ ಗಮನಿಸದ ಒಂದು ವಿಷಯ. ನನ್ನ ಮಟ್ಟಿಗೆ ಅತಿ ಹೆಚ್ಚು ನಗು ಬರುವುದು ಇಲ್ಲೇ. ನಿಮ್ಮ ಕಥೆ ನಡೆಯುವುದು ಜುಲೈಯಲ್ಲಿ. ನಾಯಕ ಟ್ರಾಲ್ ಬೋಟಿನಲ್ಲಿ ಕಡಲಿಗೆ ಹೋಗುತ್ತಾನೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ. ಬೋಟುಗಳೆಲ್ಲ ದಡಕ್ಕೆ ಕಟ್ಟಿರುತ್ತವೆ. ಕಡಲು ಬೇರೆ ಕೆರಳಿರುತ್ತದೆ. ಕಸಬಾ ಕಡಪ್ಪುರದಿಂದಲೋ ಮಂಜೇಶ್ವರದಿಂದಲೋ ಬಂದ ಒಬ್ಬ ಮೀನುಗಾರ ನಿಮ್ಮ ಸಿನಿಮಾ ನೋಡಲು ಕೂತಿದ್ದರೆ ಅವನಿಗೆ ಬಾಹ್ಯಾಕಾಶದ ಸದ್ದು ತಾಗುವುದಿಲ್ಲ, ಈ ಬೋಟು ತಾಗುತ್ತದೆ. ಅದೇ ರಾತ್ರಿ ಆಕಾಶದ ತುಂಬ ನಕ್ಷತ್ರ ಬೇರೆ! ಜುಲೈ ರಾತ್ರಿ ಕಾಸರಗೋಡಿನಲ್ಲಿ ಮೋಡ ಬಿಟ್ಟು ಬೇರೇನು ಕಾಣುತ್ತದೆ? ಜನ ತಮಗೆ ಗೊತ್ತಿಲ್ಲದ ವಿಷಯದಲ್ಲಿ ಉದಾರಿಗಳು. ತಮ್ಮ ಕೈ ಪಳಗಿದ ವಿಷಯದಲ್ಲಿ ಒಂದು ಚೂರೂ ಬಿಡುವುದಿಲ್ಲ. ಯಾವ ಊರಲ್ಲಿ ತೋರಿಸುತ್ತೀರೋ ಆ ಊರಿನ ದಿನನಿತ್ಯದ ಸಂಗತಿ ಮೊದಲು ಸರಿಯಾಗಿರಬೇಕು.

ಸುಲಭದ ದಾರಿ ಕಥೆಯನ್ನು ಜನವರಿಗೆ ಸರಿಸುವುದು. ಬೋಟು ಹೋಗುತ್ತದೆ, ನಕ್ಷತ್ರ ಕಾಣುತ್ತದೆ. ಆದರೆ ಹಾಗೆ ಮಾಡಬೇಡಿ ಎಂದೇ ನನ್ನ ಸಲಹೆ. ಮಳೆ ನಿಮ್ಮ ಕಥೆಯ ಅತಿ ದೊಡ್ಡ ಆಸ್ತಿ.

ತಾಯಿಹಡಗಿನ ವಿಷಯ ತೆಗೆದುಕೊಳ್ಳಿ. ಅದು ಬೇಕಲದ ನೆತ್ತಿಯ ಮೇಲೆ ಅಲ್ಲಾಡದೆ ನಿಂತಿದೆ ಎನ್ನುತ್ತೀರಿ. 400 ಕಿ.ಮೀ. ಎತ್ತರದಲ್ಲಿ ಸುತ್ತುವ ನೌಕೆ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದು ಊರಿನ ಆಕಾಶದಲ್ಲಿ ಹೆಚ್ಚೆಂದರೆ ಹತ್ತು ನಿಮಿಷ ಇರುತ್ತದೆ. ಭೂಮಿಯ ಜೊತೆಗೇ ತಿರುಗುತ್ತಾ ನಿಂತ ಹಾಗೆ ಕಾಣಬೇಕಾದರೆ 35,786 ಕಿ.ಮೀ. ಎತ್ತರಕ್ಕೆ ಹೋಗಬೇಕು, ಅದೂ ಸಮಭಾಜಕದ ಮೇಲೆಯೇ. ಕಾಸರಗೋಡಿನಿಂದ ಅದು ನೆತ್ತಿಗಿಂತ ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ಅಷ್ಟು ದೂರದಿಂದ ಚಂದ್ರನಷ್ಟು ದೊಡ್ಡದಾಗಿ ಕಾಣಲು ಹಡಗು 300 ಕಿ.ಮೀ.ಗಿಂತ ಅಗಲ ಇರಬೇಕು. ಇದನ್ನೆಲ್ಲ ಸಿನಿಮಾದಲ್ಲಿ ಹೇಳಬೇಕೆಂದಿಲ್ಲ. ಆದರೆ ಜುಲೈ ಮೋಡದ ಮೇಲೆ ಎಲ್ಲೋ ಅದು ಇದೆ, ಯಾರಿಗೂ ಕಾಣುವುದಿಲ್ಲ, ಮಾತು ಮಾತ್ರ ಕೆಳಗೆ ಬರುತ್ತಿದೆ ಎಂದು ಇಟ್ಟರೆ ಭಯ ಹೆಚ್ಚುತ್ತದೆ. ಗ್ರಾಫಿಕ್ಸ್ ಖರ್ಚೂ ಉಳಿಯುತ್ತದೆ. ನಿಮ್ಮ ತಂಡಕ್ಕೆ ಇದು ಸಣ್ಣ ಲಾಭವಲ್ಲ.

ಈಗ ವೈರಸ್. ಇದನ್ನು ಉಳಿಸಿಕೊಳ್ಳಲು ದಾರಿಯೇ ಇಲ್ಲ, ತೆಗೆಯಿರಿ. ಕಂಪ್ಯೂಟರ್ ವೈರಸ್ ಎಂದರೆ ಗಾಳಿಯಲ್ಲಿ ಹರಡುವ ಜ್ವರವಲ್ಲ. ಒಂದು ನಿರ್ದಿಷ್ಟ ಯಂತ್ರದ ನಿರ್ದಿಷ್ಟ ದೋಷ ಗೊತ್ತಿದ್ದವರು ಅದಕ್ಕೆಂದೇ ಬರೆಯುವುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನ ಯುರೇನಿಯಂ ಯಂತ್ರಗಳನ್ನು ಕೆಡಿಸಿತು. ಅದು ಸೀಮೆನ್ಸ್ ಕಂಪನಿಯ ಕೆಲವು ನಿಯಂತ್ರಕಗಳನ್ನೇ ಗುರಿಯಾಗಿಟ್ಟು ಬರೆದದ್ದು. ಭೂಮಿಯ ಮೇಲಿನ ಯಂತ್ರಕ್ಕೇ ಅಷ್ಟು ಒಳಗುಟ್ಟು ಬೇಕು. ಇನ್ನು ಬೇರೆ ನಕ್ಷತ್ರದ ಯಂತ್ರಕ್ಕೆ ನಮ್ಮ ಲ್ಯಾಪ್‌ಟಾಪಿನ ಪ್ಲಗ್ಗೇ ಹೊಂದುವುದಿಲ್ಲ. ಈ ಒಂದು ತೂತನ್ನು ಮೊಬೈಲ್ ಇಟ್ಟುಕೊಂಡ ಪ್ರತಿಯೊಬ್ಬನೂ ಹಿಡಿಯುತ್ತಾನೆ.

ತಾಯಿಹಡಗು ಸತ್ತ ಕೂಡಲೇ ಎಲ್ಲರೂ ಸಾಯುವುದೂ ಇದರ ತಮ್ಮನೇ. ಒಂದು ಕೊಂಡಿ ಕಡಿದರೂ ಸಂಪರ್ಕ ನಿಲ್ಲಬಾರದು ಎಂದು 1960ರ ದಶಕದಲ್ಲೇ ಅಮೆರಿಕದ ಪಾಲ್ ಬ್ಯಾರನ್ ಎಂಬ ಎಂಜಿನಿಯರ್ ಹಂಚಿದ ಜಾಲದ ನಕ್ಷೆ ಹಾಕಿದ್ದರು. ಮನುಷ್ಯರಿಗೇ ಅಂದು ಹೊಳೆದದ್ದು ನಕ್ಷತ್ರ ದಾಟಿ ಬಂದವರಿಗೆ ಹೊಳೆಯಲಿಲ್ಲವೇ? ಸೇನಾಪತಿ ಬಿದ್ದರೆ ಸೈನ್ಯ ಚದುರಬಹುದು, ಹಿಂಜರಿಯಬಹುದು. ಉಸಿರು ನಿಲ್ಲಿಸುವುದಿಲ್ಲ.

ಇವೆರಡಕ್ಕೂ ಮದ್ದು ಮಳೆಯಲ್ಲಿದೆ. ಜೋರು ಮಳೆ ಬಂದಾಗ ಮನೆಯ ಡಿಶ್ ಟಿವಿ ನಿಂತುಹೋಗುತ್ತದೆ ಅಲ್ವಾ? ಆ ಸಿಗ್ನಲ್ಲಿನ ಆವರ್ತನ (ಫ್ರೀಕ್ವೆನ್ಸಿ) ಹೆಚ್ಚು, ಅಲೆಯ ಉದ್ದ ಎರಡು ಮೂರು ಸೆಂಟಿಮೀಟರ್ ಅಷ್ಟೇ. ದೊಡ್ಡ ಹನಿಗಳು ಅದನ್ನು ಹೀರುತ್ತವೆ, ಚೆದುರಿಸುತ್ತವೆ. ಆವರ್ತನ ಹೆಚ್ಚಿದಷ್ಟೂ ಈ ತೊಂದರೆ ಜಾಸ್ತಿ. ನಿಮ್ಮ ಶತ್ರು ಸೈನಿಕರು ಮೇಲಿನ ಹಡಗಿನಿಂದ ಇನ್ನೂ ಹೆಚ್ಚಿನ ಆವರ್ತನದಲ್ಲಿ ಆಜ್ಞೆ ಪಡೆಯುತ್ತಾರೆ ಎಂದಿಡಿ. ಬಿರುಸು ಮಳೆ ಬಂದಾಗಲೆಲ್ಲ ಕೆಲವು ನಿಮಿಷ ಕೊಂಡಿ ಕಡಿಯುತ್ತದೆ. ಅವರು ಸಾಯುವುದಿಲ್ಲ. ಒಬ್ಬೊಬ್ಬರೂ ಒಂಟಿಯಾಗುತ್ತಾರೆ, ಪಕ್ಕದವನು ಏನು ಮಾಡುತ್ತಿದ್ದಾನೆ ಎಂದು ತಿಳಿಯದೆ ತಡವರಿಸುತ್ತಾರೆ. ಆ ಕೆಲವು ನಿಮಿಷವೇ ಊರವರ ಅವಕಾಶ. ಇದನ್ನು ಕಂಡುಹಿಡಿಯುವವನು ಯಾರು? ನಿಮ್ಮ ಉಪ್ಪಳದ ಹುಡುಗ. ವೈರಸ್ ಬರೆಯುವುದು ಅವನ ಕಸುಬಲ್ಲ, ಸಿಗ್ನಲ್ ಅವನ ಕಸುಬು. ಮೊದಲ ಹತ್ತು ನಿಮಿಷದಲ್ಲಿ ಅಜ್ಜಿಯ ಮನೆಯಲ್ಲಿ ಮಳೆಗೆ ಟಿವಿ ನಿಂತು, ಅಜ್ಜಿ ಇವನನ್ನು ಬೈದು, ಇವನು ಮಾಡಿನ ಮೇಲೆ ಹತ್ತುವ ದೃಶ್ಯ ಒಂದನ್ನು ಹಾಕಿ. ಮನೆಮನೆಯಲ್ಲಿ ನಡೆಯುವ ಸಂಗತಿ, ಯಾರಿಗೂ ಪಾಠ ಎನಿಸುವುದಿಲ್ಲ. ನಲವತ್ತು ನಿಮಿಷದ ನಂತರ ಅದೇ ಗೆಲುವಿನ ಕೀಲಿ.

ಇದಕ್ಕೂ ಫಿಸಿಕ್ಸ್ ಮೇಷ್ಟ್ರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಅಷ್ಟು ಬುದ್ಧಿವಂತ ಶತ್ರು ಕಡಿಮೆ ಆವರ್ತನಕ್ಕೆ ಬದಲಿಸಬಾರದೇ? ಬದಲಿಸಲಿ. ಬದಲಿಸಬೇಕು. ಕಡಿಮೆ ಆವರ್ತನಕ್ಕೆ ಮಳೆ ಅಷ್ಟಾಗಿ ತಾಗುವುದಿಲ್ಲ. ಆದರೆ ಹೊರುವ ಮಾಹಿತಿ ಕಡಿಮೆ, ಆಂಟೆನಾ ದೊಡ್ಡದು ಬೇಕು. ಮೊದಲ ಮಳೆಯಲ್ಲಿ ಊರವರು ಗೆಲ್ಲುತ್ತಾರೆ. ಎರಡನೇ ಮಳೆಗೆ ಶತ್ರು ಪಾಠ ಕಲಿತಿರುತ್ತಾನೆ, ತೀರದಲ್ಲಿ ದೊಡ್ಡದೊಂದು ಆಂಟೆನಾ ನಿಲ್ಲಿಸಿರುತ್ತಾನೆ. ಈಗ ಎಲ್ಲರ ಕಣ್ಣಿಗೆ ಕಾಣುವ, ಒಡೆಯಬಹುದಾದ ಒಂದು ಗುರಿ ಇದೆ. ಅದಕ್ಕೆ ಹೋಗುವ ದಾರಿಯಲ್ಲಿ ಯಾರೋ ಸಾಯಬೇಕಾಗುತ್ತದೆ. ನಿಮ್ಮ ಕೊನೆಯ ಕಾಳಗ ಅದೇ. ಶತ್ರು ಕಲಿಯುತ್ತಾ ಹೋದರೆ ನಾಯಕನೂ ಬೆಳೆಯುತ್ತಾನೆ.

ತಂಗಿಯ ಫೋನ್ ಬಹಳ ಸುಲಭ. ಟವರ್ ಸುಟ್ಟರೆ ಮೊಬೈಲ್ ಇಲ್ಲ, ಅಷ್ಟೇ. ತಂಗಿ ಅಥವಾ ಊರಿನ ಯಾರಾದರೂ ಹ್ಯಾಮ್ ರೇಡಿಯೋ ಹವ್ಯಾಸದವರಾಗಲಿ. ಕಾರ್ ಬ್ಯಾಟರಿ, ಒಂದು ಉದ್ದ ತಂತಿ, ಒಂದು ಸೆಟ್ ಇದ್ದರೆ ಟವರ್ ಇಲ್ಲದೆ ದೂರಕ್ಕೆ ಮಾತಾಡಬಹುದು. 2004ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಸುದ್ದಿ ಮುಟ್ಟಿಸಿದವರಲ್ಲಿ ಅಲ್ಲಿದ್ದ ಹ್ಯಾಮ್‌ಗಳು ಇದ್ದರು. ಆ ಅಲೆಗಳಿಗೆ ಮಳೆ ಅಡ್ಡಿಯಲ್ಲ ಎಂಬುದನ್ನೂ ಗಮನಿಸಿ. ಶತ್ರುವಿನ ಕೊಂಡಿ ಕಡಿದ ಹೊತ್ತಿನಲ್ಲೇ ನಮ್ಮದು ಉಳಿಯುತ್ತದೆ.

ನಮ್ಮ ದೇಶದ ಸೈನ್ಯ ಎಲ್ಲಿ ಎಂದು ಯಾರೂ ನಿಮ್ಮನ್ನು ಕೇಳಲಿಲ್ಲವೇ? ಉತ್ತರಕ್ಕೆ ಮಂಗಳೂರಿನಲ್ಲಿ ಕೋಸ್ಟ್ ಗಾರ್ಡ್, ಕಾರವಾರದಲ್ಲಿ ಕದಂಬ ನೌಕಾನೆಲೆ. ದಕ್ಷಿಣಕ್ಕೆ ಏಳಿಮಲೆಯಲ್ಲಿ ನೌಕಾ ಅಕಾಡೆಮಿ, ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡ್. ಇವುಗಳ ನಡುವೆ ಬೇಕಲದಲ್ಲಿ ಯುದ್ಧ ನಡೆಯುವಾಗ ಒಬ್ಬ ಸೈನಿಕನೂ ಬರುವುದಿಲ್ಲ ಎಂದರೆ ಆಗದು. ಇದಕ್ಕೆ ಭೂಗೋಳವನ್ನು ಬಳಸಿ. ಬೇಕಲದ ಉತ್ತರಕ್ಕೆ ಚಂದ್ರಗಿರಿ ಹೊಳೆ, ದಕ್ಷಿಣಕ್ಕೆ ನೀಲೇಶ್ವರದಾಚೆ ಕಾರ್ಯಂಗೋಡು ಹೊಳೆ. ಎರಡರ ಸೇತುವೆಗಳೂ ಬಿದ್ದರೆ ಹೆದ್ದಾರಿ, ರೈಲು ಎರಡೂ ಕಡಿದವು. ಪೂರ್ವಕ್ಕೆ ಪಾಣತ್ತೂರು ದಾರಿಯಾಗಿ ಕೊಡಗಿಗೆ ಹೋಗುವ ಘಟ್ಟದ ರಸ್ತೆ ಜುಲೈಯಲ್ಲಿ ಗುಡ್ಡ ಜರಿದು ಮುಚ್ಚಿತು. ಕಡಲಲ್ಲಿ ಬಂದ ನೌಕೆ ಕರಗಿದ್ದನ್ನು ಮೊದಲೇ ನೋಡಿದ್ದೇವೆ. ರೇಡಿಯೋದಲ್ಲಿ ಎರಡು ವಾಕ್ಯದ ಸುದ್ದಿ ಸಾಕು. ಎಲ್ಲ ತೂತಿಗೂ ದೃಶ್ಯ ಬೇಕಿಲ್ಲ.

ಆದರೆ ಈ ಮಾತಿನ ತೇಪೆಯ ಬಗ್ಗೆ ಎಚ್ಚರ ಇರಲಿ. ಕಥೆಯ ಅಂಚಿನ ವಿಷಯಕ್ಕೆ ಒಂದು ಸಾಲು ಸಾಕಾಗುತ್ತದೆ. ಗೆಲುವು ಸೋಲು ನಿಂತಿರುವ ವಿಷಯಕ್ಕೆ ಅದು ಸಾಕಾಗುವುದಿಲ್ಲ, ಬದಲಿಗೆ ತೂತಿನ ಕಡೆಗೇ ಗಮನ ಸೆಳೆಯುತ್ತದೆ. ಪಾತ್ರವೊಂದರ ಬಾಯಲ್ಲೇ "ಇದು ಹೇಗೆ ಸಾಧ್ಯ?" ಎಂದು ಕೇಳಿಸಿ ಮುಂದೆ ಹೋಗುವವರೂ ಇದ್ದಾರೆ. ಅದು ಪ್ರೇಕ್ಷಕನಿಗೆ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ, ಕೊನೆಗೆ ಉತ್ತರ ಸಿಗದಿದ್ದರೆ ಸಿಟ್ಟು ದುಪ್ಪಟ್ಟಾಗುತ್ತದೆ. ವೇಗವಾಗಿ ಓಡಿಸಿ ಮುಚ್ಚುವುದೂ ಒಂದು ದಾರಿ. ಸಿನಿಮಾ ನೋಡುವಾಗ ಗೊತ್ತಾಗದು, ಮನೆಗೆ ಹೋಗುವ ಬಸ್ಸಿನಲ್ಲಿ ಗೊತ್ತಾಗುತ್ತದೆ. ದೂರದ ಊರಲ್ಲಿ ತೋರಿಸುವವರಿಗೆ ಅದು ನಡೆದೀತು. ನೀವು ಮರುದಿನ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಬೇಕು.

ಗುಂಡಿನ ಲೆಕ್ಕವನ್ನೂ ಒಮ್ಮೆ ನೋಡಿ. ಎಕೆ-47ರ ಮ್ಯಾಗಜಿನ್‌ನಲ್ಲಿ 30 ಗುಂಡು. ನಿಮಿಷಕ್ಕೆ 600ರ ವೇಗದಲ್ಲಿ ಬಿಟ್ಟರೆ ಮೂರೇ ಸೆಕೆಂಡಿಗೆ ಖಾಲಿ. ನಿಮ್ಮ ಕೋಟೆಯೊಳಗಿನವರಿಗೆ ಮೂರು ದಿನ ಗುಂಡು, ಗಂಜಿ, ಕುಡಿಯುವ ನೀರು ಎಲ್ಲಿಂದ? ಊರವರ ಯುದ್ಧ ಎಂದರೆ ಅರ್ಧ ಅಡುಗೆಮನೆಯ ಯುದ್ಧ. 2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹಾಕಿ ತಂದು ಜನರನ್ನು ಬಿಡಿಸಿದರು. ಅಂಥ ಬುದ್ಧಿ ನಿಮ್ಮ ಕಥೆಯಲ್ಲಿ ಬರಲಿ. ನಿಷೇಧ ಇರುವುದು ಯಾಂತ್ರಿಕ ಟ್ರಾಲರುಗಳಿಗೆ, ಸಣ್ಣ ಸಾಂಪ್ರದಾಯಿಕ ದೋಣಿಗಳಿಗಲ್ಲ. ನಾಯಕನನ್ನು ಕಡಲಿಗೆ ಕರೆದೊಯ್ಯುವುದು ಅಂಥ ದೋಣಿಯೇ ಆಗಲಿ. ಅಲೆಯನ್ನು ಓದಬಲ್ಲ ಒಬ್ಬ ಹಿರಿಯ ಮೀನುಗಾರ ಅದನ್ನು ನಡೆಸಲಿ.

ಈಗ ಕೆಲಸ ಹೇಗೆ ಶುರು ಮಾಡುವುದು? ಚಿತ್ರಕಥೆಯನ್ನು ಪಕ್ಕಕ್ಕಿಡಿ. ಶತ್ರು ಸೇನಾಪತಿಯ ದಿನಚರಿಯನ್ನು ಎರಡು ಪುಟ ಬರೆಯಿರಿ. ಅವನಿಗೆ ಏನು ಬೇಕು, ಯಾಕೆ ಈ ಊರು, ಏನು ಗೊತ್ತಿದೆ, ಏನು ಗೊತ್ತಿಲ್ಲ, ಪ್ರತಿ ಸೋಲಿನ ನಂತರ ಏನು ಬದಲಿಸುತ್ತಾನೆ. ಅದು ಸಿನಿಮಾದಲ್ಲಿ ಬರಬೇಕೆಂದಿಲ್ಲ. ನಂತರ ಕಥೆಯನ್ನು ಮೂವರಿಗೆ ಬಾಯಲ್ಲಿ ಹೇಳಿ: ಒಬ್ಬ ಮೀನುಗಾರ, ಒಬ್ಬ ಡಿಶ್ ಟಿವಿ ಮೆಕ್ಯಾನಿಕ್, ಒಬ್ಬ ತಾಳಮದ್ದಳೆ ಅರ್ಥಧಾರಿ. ಅವರು ಎಲ್ಲಿ "ಅದು ಹೇಗೆ?" ಎಂದು ತಡೆಯುತ್ತಾರೋ ಅಲ್ಲಿ ಗುರುತು ಹಾಕಿ. ಸುಮ್ಮನೆ ಕೇಳಿಸಿಕೊಂಡ ಕಡೆ ವಿಜ್ಞಾನ ಸ್ವಲ್ಪ ಬಾಗಿದ್ದರೂ ಬಿಡಿ. ಫಿಸಿಕ್ಸ್ ಮೇಷ್ಟ್ರನ್ನು ತಂಡಕ್ಕೆ ಸೇರಿಸಿಕೊಳ್ಳಿ. ತಪ್ಪು ಹುಡುಕಲು ಎರಡು ಪುಟ ಬರೆದ ಮನುಷ್ಯನಿಗೆ ನಿಮ್ಮ ಕಥೆಯ ಮೇಲೆ ಪ್ರೀತಿ ಇದೆ. ಮಳೆ ಮತ್ತು ಸಿಗ್ನಲ್ಲಿನ ಭಾಗ ಅವರ ಕೈಯಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಬೇಕಲ ಕೋಟೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಒಳಗೆ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸಲು ಬೇರೆ ಅನುಮತಿ. ಹೊಗೆ, ಬೆಂಕಿ, ಸೆಟ್ಟು ಇವುಗಳ ಬಗ್ಗೆ ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಿ. ಕೊನೆಯ ಕಾಳಗ ಬರೆಯುವ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಒಳಗೆ ಬಿಡದಿದ್ದರೆ ಕೋಟೆಯನ್ನು ಹೊರಗಿನ ತೀರದಿಂದ ಮಾತ್ರ ತೋರಿಸಿ, ಒಳಗಿನ ದೃಶ್ಯಗಳನ್ನು ಕೆಂಪುಕಲ್ಲಿನ ಒಂದು ಹಳೆಯ ಮನೆಯ ಅಂಗಳದಲ್ಲಿ ತೆಗೆಯಬಹುದು. ಮಳೆಯಲ್ಲಿ ಎರಡೂ ಕಲ್ಲುಗಳ ಬಣ್ಣ ಒಂದೇ.